ಬೋರಲು

ಫೆಸ್ ಊರಿನ ಹೊರಗೆ, ಐನ್ ನೊಕ್ಬಿಯಲ್ಲಿ,
ಆಲಿವ್ ಬೀಜದ ಹೊಗೆ ಕಪ್ಪಗೆ ಏಳುವ ಕಡೆ,
ಬುಶ್ತಾ ಮೇಸ್ತ್ರಿ ನೆಲಕ್ಕೆ ಕೂತು
ಮೆರುಗು ಹೆಂಚಿನ ಚೂರು ಹಾಸುತ್ತಾನೆ.
ಬೋರಲು ಹಾಸುತ್ತಾನೆ.
ಬಣ್ಣವೆಲ್ಲ ನೆಲಕ್ಕೆ, ಮಣ್ಣಿನ ಬೆನ್ನು ನಮಗೆ.
ನೀಲಿ ಹಸಿರು ಕರಿದು ಬಿಳಿದು
ಮೇಲಿಂದ ಎಲ್ಲ ಒಂದೇ, ಬಿಸ್ಕತ್ತಿನ ಬಣ್ಣ.

ನಾನು ಕಂಪ್ಯೂಟರ್ ಡಿಪ್ಲೊಮಾವನ್ನು
ಎರಡನೇ ವರ್ಷಕ್ಕೇ ಬಿಟ್ಟು ಬಂದವನು.
ಚೂರು ಎಣಿಸಿ ಕೊಡುವುದು ನನ್ನ ಕೆಲಸ.
ಮೊದಲ ವಾರವೇ ಜಂಬದಲ್ಲಿ ಅಂದೆ:
ಮೇಸ್ತ್ರಿ, ಇದು ಯಂತ್ರ.
ಎಂಟು ಮೂಲೆಯ ನಕ್ಷತ್ರವೇ ಆಜ್ಞೆ.
ಇದು ಕೂತರೆ ಪಕ್ಕಕ್ಕೆ ಅದು, ಇಲ್ಲವಾದರೆ ಇನ್ನೊಂದು,
ಗೋಡೆ ಮುಗಿಯುವ ತನಕ ಮರಳಿ ಮರಳಿ.
ಅವನು ಬಾಯಲ್ಲಿದ್ದ ಪುದೀನ ಉಗಿದ:
"ಯಂತ್ರ ಅಂದೆಯಲ್ಲ, ಏನನ್ನು ಅರೆಯುತ್ತದೆ?"

ಉತ್ತರ ಹೊಳೆಯಲಿಲ್ಲ. ಎಣಿಸಿದೆ.
ಕರಿದು ನಲವತ್ತು. ಬಿಳಿದು ಎಂಬತ್ತು.

ಆಮೇಲೆ ಬರುವವರನ್ನು ಗಮನಿಸತೊಡಗಿದೆ.
ಚರ್ಮದ ಹೊಂಡದ ಅಲ್ಲಾಲ್ ಬರುತ್ತಾನೆ,
ಪಾರಿವಾಳದ ಹಿಕ್ಕೆ ನಾರುವ ಕಾಲು ಚಾಚಿ
ತಮ್ಮ ಮಾಡಿದ ಮೋಸ ಹೇಳುತ್ತಾನೆ,
ಹೋದ ವಾರ ಹೇಳಿದ್ದನ್ನೇ, ಮೋಸ ಸ್ವಲ್ಪ ದೊಡ್ಡದಾಗಿ.
ಅಂಚೆಯ ಮಖ್ಲೂಫ್ ಬರುತ್ತಾನೆ,
ಹೆಂಡತಿ ಬಿಟ್ಟುಹೋದ ದಿನ
ಚೆನ್ನಾಗಿ ನಿದ್ದೆ ಬಂತೆಂದು ನಾಚುತ್ತಾನೆ.
ಟಾಮೊ ಬಂದರೆ ಮಾತೇ ಇಲ್ಲ,
ಎಣ್ಣೆಯ ಖಾಲಿ ಡಬ್ಬಿ ತೊಡೆಯ ಮೇಲಿಟ್ಟು ಕೂರುತ್ತಾಳೆ.
ಮೇಸ್ತ್ರಿ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ,
ಕೈ ಮಾತ್ರ ನಿಲ್ಲುವುದಿಲ್ಲ.
ಒಂದು ಮಾತು ಮುಗಿಯುವಷ್ಟರಲ್ಲಿ ಒಂದು ಚೂರು ಕೂತಿರುತ್ತದೆ.
ಮಾತಿಲ್ಲದಿದ್ದರೂ ಕೂತಿರುತ್ತದೆ.

ಸಿಕ್ಕಿತು ಅಂದುಕೊಂಡೆ. ಇದನ್ನೇ ಅರೆಯುವುದು.
ತಮ್ಮನ ಮೋಸ ಒಳಗೆ ಹೋಗಿ ಬಾದಾಮಿ ಆಕಾರ ಹೊರಗೆ;
ನಾಚಿಕೆ ಒಳಗೆ, ನಲವತ್ತೈದು ಡಿಗ್ರಿ ಹೊರಗೆ.
ಅಳು ಎಷ್ಟೇ ಉದ್ದವಿರಲಿ ಅಂಚು ಅಷ್ಟೇ, ಅಳತೆ ಅಷ್ಟೇ.
ರಾತ್ರಿ ನಿದ್ದೆ ಬರಲಿಲ್ಲ:
ಎಲ್ಲರ ನೋವೂ ಒಂದರ ಪಕ್ಕ ಒಂದು
ಬಿರುಕಿಲ್ಲದೆ ಕೂರುವುದೆಂದರೆ
ಅದು ಕರುಣೆಯೋ, ಕಿವುಡೋ?

ಗಾರೆ ಸುರಿದು ಮೂರು ದಿನ. ಒಣಗಿತು.
ಬಿಸ್ಮಿಲ್ಲಾ ಅಂದು ನಾಲ್ವರು ಮಗುಚಿದೆವು.
ಬಣ್ಣ ಬಂತು!
ಬಾವಿಗೆ ಬಿದ್ದ ಆಕಾಶವನ್ನು ಎತ್ತಿದ ಹಾಗೆ.
ಮತ್ತೆ ಕಂಡಿತು, ಎಡಗಡೆ ಆರನೇ ಸಾಲು,
ನೀಲಿ ಇರಬೇಕಾದಲ್ಲಿ ಒಂದು ಹಸಿರು.

ಅಲ್ಲಾಲ್ ಅಂದ, ಬೇಕೆಂದೇ ಬಿಟ್ಟದ್ದು,
ದೇವರೆದುರು ಸೊಕ್ಕು ಬೇಡವೆಂದು.
ಪ್ರವಾಸಿಗರಿಗೆ ಗೈಡುಗಳು ಹೇಳುವುದೂ ಅದೇ.
"ಬೇಕೆಂದು ಏನಿಲ್ಲ," ಮೇಸ್ತ್ರಿ ಬಗ್ಗಿದ, "ತಪ್ಪಿತು."
ಬೆರಳಿಟ್ಟ.
"ಮಂಗಳವಾರ. ಅಸರ್ ಬಾಂಗಿಗೆ ಮುಂಚೆ.
ಅವತ್ತು ಟಾಮೊ ಬಾಯಿ ಬಿಟ್ಟಳು.
ಮಗಳ ಬಟ್ಟೆ ಮಾರಿಬಂದಿದ್ದಳು, ಅರವತ್ತು ದಿರ್ಹಾಮಿಗೆ."
ಬೆರಳು ಸರಿಯಿತು, ತಪ್ಪಿಲ್ಲದ ಚೂರುಗಳ ಮೇಲೂ:
"ಇದು ಇವನ ತಮ್ಮ. ಇಲ್ಲಿ ಮಖ್ಲೂಫನ ನಿದ್ದೆ.
ಇಲ್ಲಿ ನೀನು ಲೆಕ್ಕ ತಪ್ಪಿ ಹದಿನಾರನ್ನು ಹದಿನೇಳು ಅಂದೆ."

ಹೀಗೆ ಓದಿದ, ಅರ್ಧ ಗೋಡೆ.
ನನಗೆ ಕಂಡದ್ದು ನಕ್ಷತ್ರ ಮಾತ್ರ.

ಆಮೇಲೆ ಉಳಿ ತಗೊಂಡು ಹಸಿರನ್ನು ಕುಟ್ಟಿ ತೆಗೆದ.
ನೀಲಿ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿದ.
"ಹಾಗಾದರೆ ಆ ಮಂಗಳವಾರ?" ಅಂದೆ.
"ಅವಳ ಹತ್ತಿರ ಇದೆಯಲ್ಲ.
ಗೋಡೆಗೂ ಯಾಕೆ ಹೊರಿಸಲಿ?"

ಈಗ ಅದು ಅವಳ ಓಣಿಯ ನಲ್ಲಿಯ ಹಿಂದಿದೆ.
ನಿನ್ನೆ ನೀರಿಗೆ ಬಂದಿದ್ದಳು.
ನೀರು ಸಣ್ಣಗೆ ಬರುತ್ತಿತ್ತು.
ಡಬ್ಬಿ ತುಂಬುವ ತನಕ ಗೋಡೆಗೆ ಮೊಣಕೈ ಊರಿ ನಿಂತಳು,
ಆ ನೀಲಿಯ ಮೇಲೋ,
ಅದರ ಪಕ್ಕದ್ದರ ಮೇಲೋ.