ಕಡಿಮೆ ಸದ್ದಿನ ದಫ್

ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಇಂಥದ್ದು.
ಸನಂದಜಿನ ಈ ಓಣಿಗೆ ಬರುವವರೆಲ್ಲ
ದಫ್ ಎತ್ತಿ ಒಮ್ಮೆ ಬಡಿದು
ಎದುರಿನ ಕಬಾಬಿನವನು ತಿರುಗಿ ನೋಡಿದನೋ ಇಲ್ಲವೋ
ಅಂತ ಬಾಗಿಲಾಚೆ ಇಣುಕುವ ಜನ.
ಈಕೆ ಬೂಟಿನ ಹಿಮ ಕೊಡವಿ ಒಳಬಂದು ಕೇಳಿದಳು:
"ವಸ್ತಾ, ಸದ್ದು ಕಡಿಮೆ ಬರುವ ದಫ್ ಇದೆಯಾ?"

ಸಪ್ಪೆ ಉಪ್ಪು ಕೊಡಿ ಅಂದಂತಾಯಿತು.

ಮೊದಲು ಪ್ಲಾಸ್ಟಿಕ್ಕಿನದು ತೋರಿಸಿದೆ.
ಮಳೆಗೆ ಜೋಲುವುದಿಲ್ಲ, ಬಿಸಿಲಿಗೆ ಬಿಗಿಯುವುದಿಲ್ಲ,
ಸರ್ಕಾರಿ ಗುಮಾಸ್ತನ ಹಾಗೆ ವರ್ಷವಿಡೀ ಒಂದೇ ಉತ್ತರ.
ಉಗುರಿನಿಂದ ತಾಕಿದಳು.
ತಗಡಿನ ಮಾಡಿನ ಮೇಲೆ ಆಲಿಕಲ್ಲು.
"ಇದು ಕೂಗುತ್ತೆ" ಅಂದಳು. ನಿಜ.

ಆಮೇಲೆ ಎಳೇ ಮೇಕೆಯ ತೊಗಲು.
ದೀಪಕ್ಕೆ ಹಿಡಿದರೆ ಆಚೆಯ ಬೆರಳು ಎಣಿಸಬಹುದು, ಅಷ್ಟು ತೆಳು.
ಅಂಗಡಿಯ ಹೆಮ್ಮೆ ಅದು,
ಕೈ ತಾಕುವ ಮೊದಲೇ ಮಾತು ಶುರು.
ತಲೆ ಅಲ್ಲಾಡಿಸಿದಳು.

ಬಾರಿಸಲಿಕ್ಕೋ ತಾಯಿ, ಗೋಡೆಗೆ ತೂಗುಹಾಕಲಿಕ್ಕೋ?

ಹೆಸರು ಶಿಲೇರ್. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ಸುಟ್ಟಗಾಯದ ವಾರ್ಡು. ಮನೆ ಸೇರುವಾಗ ಬೆಳಗಿನ ಏಳು.
ನಾಲ್ಕನೇ ಮಹಡಿ, ರಟ್ಟಿನಂಥ ಗೋಡೆ,
ಆಚೆ ಬದಿಗೆ ಒಬ್ಬ ಟ್ಯಾಕ್ಸಿಯವನು,
ಅವನೂ ರಾತ್ರಿಯವನೇ, ಆಗಷ್ಟೇ ಕಣ್ಣು ಮುಚ್ಚಿರುತ್ತಾನೆ.
"ನಾನು ಮಲಗುತ್ತೇನೆ ವಸ್ತಾ, ಕೈ ಮಲಗುವುದಿಲ್ಲ.
ಬ್ಯಾಂಡೇಜು ಬಿಚ್ಚುತ್ತ, ನೋಯಬಾರದು, ನೋಯಬಾರದು ಅಂತ
ಇಡೀ ರಾತ್ರಿ ತುದಿಬೆರಳಲ್ಲಿ ನಡೆದಿರುತ್ತದೆ.
ಬೆಳಗಾದರೆ ಅದಕ್ಕೆ ಏನನ್ನಾದರೂ ಹೊಡೆಯಬೇಕು."

ನಾನು ಏಣಿ ಹತ್ತಿದೆ.

ಅಟ್ಟದ ಮೇಲೊಂದಿತ್ತು. ಮುದಿ ಹೋತದ ತೊಗಲು,
ದಪ್ಪ, ಒರಟು, ನಡುವೆ ಬೆನ್ನಿನ ಕಪ್ಪು ಗೆರೆ,
ಎಡಕ್ಕೆ ಮುಳ್ಳು ಗೀರಿ ಮಾದ ಗಾಯ.
ಕೊಂಡವನು ವಾರದೊಳಗೆ ವಾಪಸು ತಂದಿದ್ದ,
ಕಂಬಳಿ ಒದರಿದ ಹಾಗೆ ಕೇಳುತ್ತೆ ಅಂತ.
ಚೌಕಟ್ಟು ಮಾತ್ರ ಅಕ್ರೋಟು.
ಆವಿಯಲ್ಲಿ ಬಗ್ಗಿಸುವಾಗ ಎರಡು ಹಲಗೆ ಸೀಳಿ, ಮೂರನೆಯದು ಒಲಿದದ್ದು.
ಬೀಚ್ ಮರ ಸದ್ದನ್ನು ಬೀದಿಗೆ ಎಸೆಯುತ್ತದೆ.
ವಿಲೋ ಹಗುರ, ತೋಳಿನ ಮೇಲೆ ಕರುಣೆ ಅದಕ್ಕೆ.
ಅಕ್ರೋಟೆಂದರೆ ನನ್ನ ತಮ್ಮನಿಗೆ ಕೊಟ್ಟ ಸಾಲ,
ಅರ್ಧ ಬಂದರೆ ಪುಣ್ಯ.

ಎದೆಗೊತ್ತಿ ಹಿಡಿದು, ಅಂಗೈ ಪೂರ್ತಿ ಬಿಟ್ಟು ಹೊಡೆದಳು.
ಎರಡನೆಯದು ಇನ್ನೂ ಜೋರಾಗಿ.
ಮೂರನೆಯದಕ್ಕೆ ಅವಳ ಶಾಲು ಹೆಗಲಿಂದ ಜಾರಿತು.
ಕಬಾಬಿನವನು ತಲೆ ಎತ್ತಲಿಲ್ಲ.
ನನ್ನ ಲೋಟದ ಚಹಾ ಮಾತ್ರ
ನಡುವಿನಿಂದ ಅಂಚಿಗೆ ನಡುಗಿತು.

"ಇದೇ. ಆದರೆ ಉಂಗುರ ತೆಗೆದುಬಿಡಿ."
ಉಂಗುರವಿಲ್ಲದ ದಫ್ ಜರಡಿಗೆ ಸಮ ಅಂದೆ.
"ಜರಡಿಯೇ ಆಗಲಿ."

ಇಕ್ಕಳ ಹಿಡಿದು ಒಂದೊಂದೇ ಕಿತ್ತೆ,
ಅವಳು ತಟ್ಟೆ ಹಿಡಿದು ನಿಂತಳು.
ಐವತ್ತರ ನಂತರ ಲೆಕ್ಕ ತಪ್ಪಿತು.
ಒಂದೊಂದು ಬಿದ್ದಾಗಲೂ ಠಣ್ ಅಂತ ಅದರದ್ದೊಂದು ತಕರಾರು.

ಬೆಲೆಯಲ್ಲಿ ಉಲ್ಟಾ ಚೌಕಾಸಿ ನಡೆಯಿತು.
ವಾಪಸು ಬಂದ ಮಾಲು, ಅರ್ಧ ಸಾಕು ಅಂದೆ ನಾನು.
ಪೂರ್ತಿ ಎಣಿಸಿ ಇಟ್ಟಳು, ಆಸ್ಪತ್ರೆಯ ಔಷಧಿಯ ವಾಸನೆಯ ನೋಟು.
ಉಂಗುರ ಪೊಟ್ಟಣ ಕಟ್ಟಿ ಮುಂದೆ ಸರಿಸಿ,
ಟ್ಯಾಕ್ಸಿಯವನು ಮನೆ ಬಿಟ್ಟರೆ ಬಾ, ಹಾಕಿಕೊಡುತ್ತೇನೆ ಅಂದೆ.
"ಪಾಪ, ಒಳ್ಳೆಯವನು ಅವನು" ಅಂದಳು.

ದಫ್ ಒಯ್ದಳು, ಪೊಟ್ಟಣ ಬಿಟ್ಟುಹೋದಳು.
ಮರೆತಳೋ ಏನೋ.
ಮೂರು ಚಳಿಗಾಲವಾಯಿತು, ಗಲ್ಲಾದ ಮೂಲೆಯಲ್ಲಿದೆ.
ಯಾರಿಗಾದರೂ ಚಿಲ್ಲರೆ ಕೊಡಲು ಡ್ರಾಯರು ಎಳೆದರೆ
ಒಳಗೆಲ್ಲ ಗಲಾಟೆ.
ಎದುರಿನವನು ತಿರುಗಿ ನೋಡುತ್ತಾನೆ.