ಕಣ್ಣಿ ಗಂಟು

ಬಸ್ಸು ದಿನಕ್ಕೊಂದೇ. ಚಾಲಕ ಸ್ತ್ರಾತೋಸ್
ಬ್ರೆಡ್ಡಿನ ಚೀಲ, ಬಿ.ಪಿ. ಮಾತ್ರೆ, ಯಾರದೋ ಬಾಗಿಲಿಗೆ ಹೊಸ ಚಿಲಕ
ಎಲ್ಲ ಇಳಿಸಿ ಕೊನೆಗೆ ನನ್ನನ್ನು ಇಳಿಸಿದ.
ಐದಕ್ಕೆ ಬರ್ತೀನಿ, ಬರದಿದ್ರೆ ನಾಳೆ, ಅಂದ.

ಅಕ್ಟೋಬರಿನ ಮೊದಲ ವಾರ.
ಬೇಸಗೆಯುದ್ದಕ್ಕೂ ಅರಚಿದ ಬಡಗಣ ಗಾಳಿಗೆ
ಈಗ ಗಂಟಲು ಕಟ್ಟಿದೆ.
ಹನ್ನೊಂದು ಮನೆ. ಒಂದು ಕಾಫಿ ಅಂಗಡಿ, ಅದಕ್ಕೂ ಬೀಗ.
ಬಟ್ಟೆಯ ತಂತಿಯಲ್ಲಿ ಎರಡು ದಿಂಬಿನ ಚೀಲ,
ಒಂದು ಒಳಲಂಗ, ಮೂರು ಆಕ್ಟೋಪಸ್,
ಎಲ್ಲಕ್ಕೂ ಒಂದೇ ಜಾತಿಯ ಕ್ಲಿಪ್ಪು.
ಕೋಳಿಗೂಡಿನ ಬಾಗಿಲು ಒಂದು ನೀಲಿ ಹಲಗೆ, ಬಾಗಿದ್ದು;
ಮೇಲೆ ಬಿಳಿಯ ಅಕ್ಷರ, ನನಗೆ ಓದಲು ಬಾರದ್ದು.

ದಂಡೆಯಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು.
ಅಲೆ ಹಿಂದೆ ಸರಿದಾಗೆಲ್ಲ
ಯಾರೋ ಮೊರದಲ್ಲಿ ಕಡಲೆ ಕೇರಿದ ಸದ್ದು.

ಗೋಡೆಯ ನೆರಳಲ್ಲಿ ಕಾಲು ಚಾಚಿದ ಮುದುಕಿ
ಕಾಲ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿ, ಜಗ್ಗಿ,
ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದಳು.
ಹೆಸರು ಕೇಳಿದೆ. ಜಂಬೇತಾ, ಅಂದಳು.
ನನ್ನ ಕಿವಿಗೆ ಬಿದ್ದದ್ದು ಬರೀ ಜಂಬ; ನಕ್ಕೆ.
ಯಾಕೆ ನಕ್ಕೆನೆಂದು ತಿಳಿಸಲು ನನ್ನಲ್ಲಿದ್ದದ್ದು
ಅವಳ ಭಾಷೆಯ ಮೂವತ್ತು ಮಾತು,
ಅದರಲ್ಲಿ ಹನ್ನೆರಡು ಊಟದವು.

ಈಜಲು ಬಂದೆ ಎಂದು ಕೈ ಬೀಸಿ ತೋರಿಸಿದೆ.
ಅವಳು ಕಡಲನ್ನು ನೋಡಿದಳು, ನನ್ನನ್ನು ನೋಡಿದಳು,
ತನ್ನ ಮೊಣಕಾಲು ತಟ್ಟಿದಳು: ಇಲ್ಲಿವರೆಗೆ,
ಇಷ್ಟು ವರ್ಷಕ್ಕೆ, ಇಲ್ಲಿವರೆಗೆ ಮಾತ್ರ.
ಹೊಲದ ಪಕ್ಕದಲ್ಲಿ ಹುಟ್ಟಿದವರು
ಹೊಲದಲ್ಲಿ ಉರುಳಾಡುವುದಿಲ್ಲವಲ್ಲ.

ನೀರು ತಣ್ಣಗೆ. ಹೊಕ್ಕುಳ ದಾಟುವವರೆಗೆ ಪ್ರಾಣ ಹೋಯಿತು,
ಆಮೇಲೆ ಪ್ರಾಣವೇ ಇಲ್ಲವೇನೋ ಎಂಬಷ್ಟು ಹಗುರ.
ಐವತ್ತು ಗಜ ಆಚೆ ತೇಲುತ್ತಿತ್ತು ಒಂದು ಹಳೆಯ ಎಣ್ಣೆ ಡಬ್ಬ.
ಕಸ, ಅಂದುಕೊಂಡೆ. ಪರದೇಶಿಯ ಪುಣ್ಯದ ಆಸೆ:
ಎಳೆದುಕೊಂಡು ಹೋಗಿ ದಡಕ್ಕೆ ಹಾಕೋಣ.
ಕೊರಳಿಗೊಂದು ಹಗ್ಗ, ಪಾಚಿಗಟ್ಟಿ ಜಾರುವ ಗಂಟು.
ಉಗುರು ಹಾಕಿ ಬಿಚ್ಚಿದೆ.

ದಡದಿಂದ ಒಂದು ಕೂಗು.
ಮುದುಕಿ ಎದ್ದು ನಿಂತಿದ್ದಳು, ಬಲೆ ಇನ್ನೂ ಕಾಲ ಬೆರಳಿಗೇ,
ನನ್ನ ಮೂವತ್ತರೊಳಗೆ ಇಲ್ಲದ ಮಾತು;
ಅರ್ಥ ಮಾತ್ರ ನೀರ ಮೇಲೆ ಕಲ್ಲು ಎಸೆದ ಹಾಗೆ
ಜಿಗಿಜಿಗಿದು ಬಂತು.

ಹಗ್ಗ ಹಿಡಿದು ಮುಳುಗಿದೆ.
ಎರಡಾಳು ಕೆಳಗೆ ಒಂದು ಗಾಣದ ಕಲ್ಲು,
ನಡುವಿನ ತೂತಿನಲ್ಲಿ ಹಗ್ಗ, ಹಗ್ಗದ ಬುಡದಲ್ಲಿ
ಸಾಸಿವೆಯಷ್ಟು ಸಣ್ಣ ಮೀನುಗಳ ಸಂಸಾರ.
ಎಷ್ಟೋ ಆಲಿವ್ ಅರೆದ ಕಲ್ಲು
ಕತ್ತಲಲ್ಲಿ ಕೂತು ಯಾರನ್ನೋ ಹಿಡಿದುಕೊಂಡಿದೆ,
ಹಿಡಿಯಲು ಯಾರೂ ಇಲ್ಲದೆ.

ದಡಕ್ಕೆ ಬಂದಾಗ ಅವಳು ಬೈಯಲಿಲ್ಲ.
ಒಂದು ಟೊಮ್ಯಾಟೊ ಕೊಟ್ಟಳು, ಉಪ್ಪು ತೋರಿಸಿದಳು.

ಐದೂಮುಕ್ಕಾಲಿಗೆ ಸ್ತ್ರಾತೋಸ್ ಬಂದ.
ಹಡಗಿನಲ್ಲಿ ಅಡುಗೆ ಮಾಡಿದವನ ಇಂಗ್ಲಿಷಿನಲ್ಲಿ ಹೇಳಿದ:
ಮೀನು ಕಡಿಮೆಯಾಗಿತ್ತು; ದೋಣಿ ಒಡೆಸಿದರೆ ದುಡ್ಡು,
ಎಂದಿತ್ತು ಸರಕಾರ. ಜೆಸಿಬಿ ಬಂತು.
ಇವಳ ಗಂಡ ಥ್ರಾಸೋಸ್ ಬೆನ್ನು ತಿರುಗಿಸಿ ನಿಂತು
ಸಿಗರೇಟು ಹಚ್ಚಿದ; ಸಿಗರೇಟು ಮುಗಿಯುವ ಮೊದಲೇ
ದೋಣಿ ಮುಗಿಯಿತು.
ಒಂದು ಹಲಗೆ ಇವಳು ಸೆರಗಲ್ಲಿ ಮುಚ್ಚಿ ತಂದಳು.
ಅವನೂ ಹೋಗಿ ಮೂರು ವರ್ಷ. ಲಂಗರು ತೆಗೆಯಲು
ಅರ್ಜಿಯಲ್ಲಿ ಹೇಳಿರಲಿಲ್ಲ.

ಮತ್ತೆ ಆ ಬಲೆ? ಕೇಳಿದೆ.
ಅದಾ, ಪಟ್ಟಣದ ಶಾಲೆಗೆ, ಫುಟ್‌ಬಾಲ್ ಗೋಲಿಗೆ.
ಹುಡುಗರು ಜೋರು, ವಾರಕ್ಕೊಮ್ಮೆ ಹರೀತಾರೆ, ಅಂದ.

ಬಸ್ಸು ತಿರುವು ಹತ್ತುವಾಗ
ಕೊಲ್ಲಿಯಲ್ಲಿ ಡಬ್ಬ ಚುಕ್ಕಿಯಾಗಿ ಕಂಡಿತು.
ನಾನು ಬಿಚ್ಚಿದ್ದು ಕಡಲಿನವರ ಗಂಟು.
ತಿರುಗಿ ಕಟ್ಟಿದ್ದು ನನಗೆ ಬರುವ ಒಂದೇ ಗಂಟು,
ಎಳೆಗರುವಿನ ಕಣ್ಣಿಗೆ ಹಾಕುವಂಥದ್ದು.
ಕರು ಜಗ್ಗಿದಷ್ಟೂ ಬಿಗಿಯುತ್ತದೆ, ಗೊತ್ತು.
ಡಿಸೆಂಬರ್ ಜಗ್ಗಿದರೆ ಗೊತ್ತಿಲ್ಲ.