ನಾಲ್ಕನೇ ಗೆರೆ

ಕೈ ಎತ್ತಬಾರದಿತ್ತು. ಎತ್ತಿದೆ.
'ಅಪ್ಪ ಅಮ್ಮಂದಿರು ಯಾರಾದರೂ?' ಎಂದು ಕೆಲ್ಲಹರ್ ಮೇಷ್ಟ್ರು ಕೇಳಿದಾಗ
ಬೆಂಡಿಗೋದ ಆ ಮೈದಾನದಲ್ಲಿ ಎಲ್ಲರೂ
ಒಮ್ಮೆಗೇ ತಮ್ಮ ಕಾಫಿ ಲೋಟದೊಳಗೆ ಇಣುಕಿದರು.
ನನ್ನ ಕೊರಳಿಗೆ ಬಿತ್ತು ಹಳದಿ ದಾರದ ಸ್ಟಾಪ್‌ವಾಚು,
ಪಾಲಿಗೆ ಬಂತು ನಾಲ್ಕನೇ ಗೆರೆ.

'ನಾಲ್ಕು ಅಂದರೆ ನಾಲ್ಕೇ' ಅಂದರು ಮೇಷ್ಟ್ರು,
ಮೂಗಿನ ತುಂಬ ಬಿಸಿಲಿಗೆ ಬಳಿದ ಬಿಳಿ ಲೇಪ,
'ಯಾರು ಗೆದ್ದರು ಅಂತ ನೋಡಬೇಡಿ.
ನಿಮ್ಮ ಗೆರೆಯ ಎದೆ ದಾಟಿದ ಕೂಡಲೇ ಒತ್ತಿ.'
ಔಷಧದಂಗಡಿಯಲ್ಲಿ ಮಾತ್ರೆ ಎಣಿಸುವವಳಿಗೆ
ಇದೇನು ಹೊಸದೆ? ಯಾರದೋ ರಕ್ತದೊತ್ತಡ, ಯಾರದೋ ನಿದ್ದೆ,
ಐದೈದರಂತೆ ತಟ್ಟೆಯ ಮೇಲೆ ಸರಿಸುತ್ತ
ಹನ್ನೊಂದು ವರ್ಷ;
ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಚಿರಂತನ ಓಟ ಆಗಲೇ ಮುಗಿದಿತ್ತು. ಪೂರ್ತಿ ನೋಡಿದ್ದೆ,
ಬೇಲಿಗೆ ಆತು ನಿಂತು. ಆರು ವರ್ಷದವರಿಗೆ ಐವತ್ತು ಮೀಟರು.
ಹಲಗೆ ಚಟ್ಟೆಂದಿತು, ಎಲ್ಲರೂ ಹೊರಟರು.
ಇವನೊಬ್ಬ, ಆ ಸದ್ದು ಎಲ್ಲಿಂದ ಬಂತು ಅಂತ
ಹಿಂದೆ ತಿರುಗಿ ನೋಡಿದ.
ಆಮೇಲೆ ಓಡಿದ, ಒಳ್ಳೇ ಗತ್ತಿನಲ್ಲಿ,
ಖಾಲಿಯಾದ ಮೈದಾನವನ್ನು ಅವನಿಗೇ ಬಿಟ್ಟುಕೊಟ್ಟ ಹಾಗೆ.
'ಓಡೋ ರಾಜಾ, ಓಡೋ!' ಎಂದು ನಾನು ಕಿರುಚಿದ್ದಕ್ಕೆ
ನೀಲಗಿರಿ ಮರದ ಮೇಲಿನ ಮ್ಯಾಗ್‌ಪೈ ಕೂಡ
ಕತ್ತು ಕೊಂಕಿಸಿತು.

ಮೇದಿನಿಯದು ನೂರು ಮೀಟರು.
ಅವಳಿಗೆ ಸಿಕ್ಕಿದ್ದು ಆರನೇ ಗೆರೆ.
ಆರಕ್ಕೂ ನಾಲ್ಕಕ್ಕೂ ಎಷ್ಟು ದೂರ?
ಒಂದೂವರೆ ಮಾರು ಹುಲ್ಲು, ನಡುವೆ ಒದ್ದೆ ಸುಣ್ಣ.
ಕಣ್ಣು ಒಂಚೂರು ಜಾರಿದ್ದರೆ ಸಾಕಿತ್ತು.
ಜಾರಲಿಲ್ಲ. ಯಾಕೆ ಅಂತ ಕೇಳಬೇಡಿ.
ನನ್ನ ಗೆರೆಯಲ್ಲಿ ಬಂದವಳು, ಹೆಸರೂ ಗೊತ್ತಿಲ್ಲದವಳು,
ಕೆಂಪು ಜಡೆ, ಮಂಡಿಗೆ ಪ್ಲಾಸ್ಟರು,
ಎಡಗಾಲಿನ ಲೇಸು ಬಿಚ್ಚಿ, ಹಾವಿನ ಮರಿಯಂತೆ ಹೊಯ್ದಾಡಿ,
ಪ್ರತಿ ಹೆಜ್ಜೆಗೂ ನನ್ನ ಹೊಟ್ಟೆ ಕಿವುಚಿ
ಬಿದ್ದೀಯೇ ತಾಯಿ, ಬಿದ್ದೀಯೇ
ಬೀಳಲಿಲ್ಲ. ಒತ್ತಿದೆ.
ಹದಿನೆಂಟು ಸೆಕೆಂಡು, ಮೇಲೆ ಮೂವತ್ತೊಂದು.

ಹೆತ್ತವಳೂ ಅಷ್ಟು ನೋಡಿರಲಾರಳು ಅವಳನ್ನು.
ನನ್ನವಳು ಬಂದಳೋ ಬಿಟ್ಟಳೋ.

ಆರನೇ ಗೆರೆಯ ಗಡಿಯಾರ ಹಿಡಿದಾತ
ಕೊಳಾಯಿ ಕೆಲಸದವನಿರಬೇಕು,
ಕಿತ್ತಳೆ ಅಂಗಿ, ಬೂಟಿನಲ್ಲಿ ಒಣ ಮಣ್ಣು.
'ನಿಮ್ಮ ಮಗಳಾ? ಹತ್ತೊಂಬತ್ತು ಸೊನ್ನೆ ನಾಲ್ಕು' ಅಂದ.
ಬರೆದುಕೊಳ್ಳುವವರಿಗೂ ಕೂಗಿ ಹೇಳಿ, ಆಮೇಲೆ
ತನ್ನಷ್ಟಕ್ಕೇ ಎಂಬಂತೆ,
'ಅರ್ಧ ದಾರಿಯಲ್ಲಿ ನಕ್ಕಳು. ಜೋರಾಗಿ.
ಯಾಕೋ ಗೊತ್ತಿಲ್ಲ.'
ನಾನೂ ಹೇಳಬೇಕಿತ್ತು ಯಾರಿಗಾದರೂ, ಆ ಲೇಸಿನ ವಿಷಯ.
ಕೆಂಪು ಜಡೆಯ ಕಡೆಯವರು ಯಾರೂ ಕಾಣಲಿಲ್ಲ.
ಬಗ್ಗಿ ನಾನೇ ಕಟ್ಟಿದೆ, ಎರಡು ಗಂಟು.

ಸಂಜೆ ಕಾರಿನ ಹಿಂದಿನ ಸೀಟಿನಲ್ಲಿ
ಓಡಿದ್ದಕ್ಕಾಗಿ ಎಲ್ಲರಿಗೂ ಕೊಟ್ಟ ಹಸಿರು ರಿಬ್ಬನ್ನನ್ನು
ಹಲ್ಲಲ್ಲಿ ಕಚ್ಚಿಕೊಂಡೇ ಚಿರಂತ ನಿದ್ದೆಹೋಗಿದ್ದ.
'ನೋಡಿದ್ಯಾ ಅಮ್ಮಾ, ನನ್ನ ಓಟ?'
ಕನ್ನಡಿಯಲ್ಲಿ ಅವಳ ಕಣ್ಣು.
'ನೋಡಿದೆ' ಅಂದೆ, ಗೇರು ಬದಲಿಸಿದೆ.

'ಸುಳ್ಳು. ನೀನು ನಾಲ್ಕನೇ ಗೆರೆ ನೋಡ್ತಿದ್ದೆ.
ನಾನು ನಿನ್ನನ್ನೇ ನೋಡ್ಕೊಂಡು ಓಡಿದ್ದು.
ನಾಲಿಗೆ ಹೊರಗೆ ಹಾಕಿ ಹೀಗೆ ಕಚ್ಕೊಂಡಿದ್ದೆ,
ಮಾತ್ರೆ ಎಣಿಸೋವಾಗ ಮಾಡ್ತೀಯಲ್ಲ, ಹಾಗೆ.
ನಗು ಬಂದ್ಬಿಡ್ತು.
ಇಲ್ದಿದ್ರೆ ಮೂರನೆಯವಳು ನಾನೇ.'

ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.
ಸಿಗ್ನಲ್ಲು ಕೆಂಪಾಯಿತು.
ಕನ್ನಡಿಯನ್ನು ನನ್ನ ಕಡೆ ಬಾಗಿಸಿ,
ನಾಲಿಗೆ ಚಾಚಿ, ಕಚ್ಚಿ, ನೋಡಿದೆ.
ಹಿಂದಿನವನು ಹಾರ್ನು ಒತ್ತಿದ,
ಹಸಿರಾಗಿ ಎಷ್ಟು ಹೊತ್ತಾಗಿತ್ತೋ.